ಸೀಟಿ ಹಿಡಿದ ಮೊಮ್ಮಗಳು

ನಮ್ಮ ವಂಶದಲ್ಲಿ ಯಾರೂ ಫುಟ್‌ಬಾಲ್ ಆಡಿದವರಲ್ಲ. ನಾನು ಬಿ.ಕಾಂ. ಓದುವಾಗ ಆಡಿದ್ದು ಕೇರಂ, ಬ್ಯಾಂಕು ಸೇರಿದ ಮೇಲೂ ಕೇರಂ. ವಾರ್ಷಿಕ ಕ್ರೀಡಾಕೂಟದಲ್ಲಿ ಗೆದ್ದ ಎರಡು ಸ್ಟೀಲ್ ಡಬ್ಬಿಗಳಲ್ಲಿ ನನ್ನವಳು ಇವತ್ತಿಗೂ ಸಾರಿನ ಪುಡಿ, ಹುಳಿಪುಡಿ ತುಂಬಿಡುತ್ತಾಳೆ. ಹಾಗೆಂದು ಕಾಲ್ಚೆಂಡು ನನಗೆ ತೀರಾ ಅಪರಿಚಿತವೂ ಅಲ್ಲ. ಬೆಂಗಳೂರಿನ ಹಲಸೂರು ಕಡೆಯ ಶಾಖೆಯೊಂದರಲ್ಲಿ ನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಹತ್ತಿರದಲ್ಲೇ ಗೌತಮಪುರ. ಪೆಲೆಯ ಪ್ರತಿಮೆ ನಿಲ್ಲಿಸಿ ಪೂಜ್ಯಭಾವದಿಂದ ನೋಡುವ ಬಡಾವಣೆ ಅದು. ಕ್ಯಾಶ್ ಟ್ಯಾಲಿ ಆದ ಸಂಜೆಗಳಲ್ಲಿ ಆ ಕಡೆ ಹುಡುಗರ ಆಟ ನೋಡುತ್ತಾ ನಿಂತದ್ದುಂಟು. ಆಗೆಲ್ಲ ನನ್ನ ಕಣ್ಣು ಚೆಂಡಿನ ಮೇಲೆ. ಸೀಟಿ ಹಿಡಿದು ಓಡುತ್ತಿದ್ದವರ ಮುಖ ಒಂದೂ ನೆನಪಿಲ್ಲ. 74ನೆಯ ವಯಸ್ಸಿನಲ್ಲಿ ನ್ಯೂಜೆರ್ಸಿಯ ಹುಲ್ಲುಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಆಟಗಾರರನ್ನೆಲ್ಲ ಬಿಟ್ಟು ರೆಫರಿಯೊಬ್ಬಳನ್ನೇ ನೋಡುವ ಕೆಲಸ ನನಗೆ ಬಂತು.

2025ರ ಜುಲೈಯಲ್ಲಿ ನಾವಿಬ್ಬರೂ ಮಗನ ಮನೆಗೆ ಹೋದೆವು. ಆರು ತಿಂಗಳ ಇರವು. ಮೊಮ್ಮಗಳಿಗೆ ಆಗ 14 ತುಂಬಿತ್ತು. ಅವಳಿಗೆ ಹೆಸರೊಂದಿದೆ, ಆದರೆ ನಮಗೆ ಪುಟ್ಟಿ. ಎಂಟು ವರ್ಷದವಳಿದ್ದಾಗಿನಿಂದ ಊರಿನ ಕ್ಲಬ್ಬಿನಲ್ಲಿ ಸಾಕರ್ ಆಡುತ್ತಾಳೆ. ಅಲ್ಲಿ ಫುಟ್‌ಬಾಲ್ ಎಂದರೆ ಕೈಯಲ್ಲಿ ಹಿಡಿದು ಗುದ್ದಾಡುವ ಇನ್ನೊಂದು ಆಟ. ನಮ್ಮ ಫುಟ್‌ಬಾಲಿಗೆ ಸಾಕರ್ ಎನ್ನಬೇಕು. ಪುಟ್ಟಿ ದೊಡ್ಡ ಆಟಗಾರ್ತಿಯೇನಲ್ಲ. ತಂಡದಲ್ಲಿ ಇರುತ್ತಾಳೆ, ಅರ್ಧ ಹೊತ್ತು ಬೆಂಚಿನ ಮೇಲೆ ಕೂತಿರುತ್ತಾಳೆ. ಬೆಂಚಿನ ಮೇಲೆ ಕೂತವರಿಗೆ ಆಟ ಚೆನ್ನಾಗಿ ಕಾಣುತ್ತದೆ ಎನ್ನುವುದು ನನ್ನ ಅನುಮಾನ.

ಆಗಸ್ಟಿನಲ್ಲಿ ಕ್ಲಬ್ಬಿನಿಂದ ಈಮೇಲ್ ಬಂತು. ಚಿಕ್ಕಮಕ್ಕಳ ಪಂದ್ಯಗಳಿಗೆ ರೆಫರಿಗಳು ಸಾಲದು, ಆಸಕ್ತಿಯುಳ್ಳ ಮಕ್ಕಳು ತರಬೇತಿ ಪಡೆಯಬಹುದು ಎಂದು. ಪುಟ್ಟಿ ಊಟದ ಮಧ್ಯೆ, ತಟ್ಟೆಯಿಂದ ತಲೆ ಎತ್ತದೆ, “ನಾನು ಹೋಗ್ತೀನಿ” ಅಂದಳು.

“ಹೆಣ್ಣುಮಗು ಸೀಟಿ ಊದ್ಕೊಂಡು ಓಡಾಡೋದೇನು?” ಅಂತ ಅವಳ ಅಜ್ಜಿ. “ಓದೋದು ಯಾವಾಗ?” ಅಂತ ನನ್ನ ಮಗ. ಸೊಸೆ ಮಾತ್ರ ಏನೂ ಹೇಳದೆ ಅವಳನ್ನೇ ನೋಡಿದಳು. ನಮ್ಮೆಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆ ಬೇರೆಯೇ. ಈ ಹುಡುಗಿ ಮಾತೇ ಆಡುವುದಿಲ್ಲ. ಹೋಟೆಲಿನಲ್ಲಿ ನೀರು ಬೇಕಾದರೆ ಅಮ್ಮನ ಕಿವಿಯಲ್ಲಿ ಹೇಳುತ್ತಾಳೆ. ಮನೆಗೆ ನೆಂಟರು ಬಂದರೆ ಒಂದು ನಗು ಕೊಟ್ಟು ಮಹಡಿ ಹತ್ತುತ್ತಾಳೆ. ಹದಿನಾಲ್ಕು ಮಕ್ಕಳು, ಇಬ್ಬರು ಕೋಚುಗಳು, ಐವತ್ತು ಜನ ಅಪ್ಪ-ಅಮ್ಮಂದಿರ ಎದುರಿಗೆ ನಿಂತು ಇವಳು ‘ಇದು ತಪ್ಪು’ ಎನ್ನುವುದು ಹೇಗೆ?

ಯಾರೂ ಕೇಳಲಿಲ್ಲ. ಮಗ ಹಣ ಕಟ್ಟಿದ. ಮಿಕ್ಕ ಕೆಲಸಕ್ಕೆ ಪುರುಸೊತ್ತಿದ್ದವನು ನಾನೊಬ್ಬನೇ.

ಅಮೆರಿಕದಲ್ಲಿ ಈ ವ್ಯವಸ್ಥೆ ಹೀಗಿದೆ. ಇಡೀ ದೇಶದ ಆಟಕ್ಕೆ ಒಂದು ಸಾಕರ್ ಫೆಡರೇಷನ್. ಕೆಳಗಿನ ಮೆಟ್ಟಿಲಿನ ರೆಫರಿಗಳಿಗೆ ‘ಗ್ರಾಸ್‌ರೂಟ್ಸ್’ ಎಂಬ ಪರವಾನಗಿ. ಸಾಮಾನ್ಯವಾಗಿ 13 ತುಂಬಿದವರು ಸೇರಬಹುದು. ಕಂಪ್ಯೂಟರಿನಲ್ಲಿ ಕೂತು ಕಲಿಯುವ ಪಾಠಗಳು, ಪ್ರಶ್ನೆಗಳು, ಆಮೇಲೆ ಬೋಧಕರ ಜತೆ ಒಂದು ತರಗತಿ. ಶುಲ್ಕ, ತರಗತಿಯ ರೀತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪರವಾನಗಿಯನ್ನು ಪ್ರತಿವರ್ಷ ನವೀಕರಿಸಬೇಕು, ಮತ್ತೆ ಒಂದಿಷ್ಟು ಓದಬೇಕು. ಇದು ನನಗೆ ಬಹಳ ಹಿಡಿಸಿತು. ಬ್ಯಾಂಕಿನಲ್ಲಿ ಒಮ್ಮೆ ಪರೀಕ್ಷೆ ಬರೆದು ಮೂವತ್ತಾರು ವರ್ಷ ಕುರ್ಚಿಯಲ್ಲಿ ಕೂತವರನ್ನು ನಾನು ಬಲ್ಲೆ.

ಆಟದ ನಿಯಮಗಳು ಒಟ್ಟು 17. ಅವುಗಳ ಪುಸ್ತಕವನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು. ಮಗ ಅಚ್ಚು ತೆಗೆದುಕೊಟ್ಟ. ಬೆಳಗ್ಗೆ ಕಾಫಿ ಆದ ಮೇಲೆ ನಾನೊಂದು ಪ್ರತಿ, ಪುಟ್ಟಿ ಒಂದು ಪ್ರತಿ. ಜನ್ಮವಿಡೀ ಸರ್ಕ್ಯುಲರ್ ಓದಿದವನಿಗೆ ಇಂಥ ಭಾಷೆ ಅಭ್ಯಾಸ: ಯಾವುದು ‘ಮಾಡಲೇಬೇಕು’, ಯಾವುದು ‘ಮಾಡಬಹುದು’ ಎಂದು ಕೆಂಪು-ನೀಲಿ ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟೆ. ಅವಳು ಓದುವಳು, ನಾನು ಪ್ರಶ್ನೆ ಕೇಳುವೆ. ಥ್ರೋ ಎಸೆಯುವಾಗ ಕಾಲು ಎಲ್ಲಿರಬೇಕು? ಎರಡೂ ಪಾದದ ಒಂದಿಷ್ಟು ಭಾಗ ಗೆರೆಯ ಮೇಲೋ ಗೆರೆಯ ಹೊರಗೋ ನೆಲಕ್ಕೆ ತಾಗಿರಬೇಕು, ಚೆಂಡು ತಲೆಯ ಹಿಂದಿನಿಂದ ತಲೆಯ ಮೇಲಾಗಿ ಬರಬೇಕು. ಚೆಂಡು ಗೆರೆಯ ಮೇಲಿದ್ದರೆ ಒಳಗೋ ಹೊರಗೋ? ಪೂರ್ತಿ ಚೆಂಡು ಪೂರ್ತಿ ಗೆರೆ ದಾಟುವ ತನಕ ಒಳಗೆ. ಈ ಒಂದು ನಿಯಮವನ್ನು ಮೈದಾನದ ಸುತ್ತ ನಿಂತವರಲ್ಲಿ ಅರ್ಧ ಜನಕ್ಕೆ ಯಾರೂ ಹೇಳಿಕೊಟ್ಟಿಲ್ಲ ಎಂದು ಆಮೇಲೆ ತಿಳಿಯಿತು.

ಓದುತ್ತಾ ನನಗೂ ಕೆಲವು ವಿಷಯ ತಿಳಿದವು. ಮೊದಮೊದಲು ಈ ಆಟಕ್ಕೆ ರೆಫರಿಯೇ ಇರಲಿಲ್ಲವಂತೆ. ಎರಡೂ ತಂಡದವರು ತಮ್ಮ ತಮ್ಮ ಕಡೆಯ ಅಂಪೈರನ್ನು ಕರೆತರುತ್ತಿದ್ದರು. ಇಬ್ಬರಲ್ಲಿ ಒಮ್ಮತ ಬರದಿದ್ದರೆ ಹೊರಗೆ ನಿಂತ ಮೂರನೆಯವನಿಗೆ ವಿಷಯವನ್ನು ಒಪ್ಪಿಸುವುದು, ಅಂದರೆ ‘ರೆಫರ್’ ಮಾಡುವುದು. ಅವನೇ ರೆಫರಿ. 1891ರಲ್ಲಿ ಅವನನ್ನು ಮೈದಾನದ ಒಳಕ್ಕೆ ತಂದು ಅಧಿಕಾರ ಕೊಟ್ಟರು. ಹಳದಿ, ಕೆಂಪು ಕಾರ್ಡುಗಳು ಇನ್ನೂ ಈಚಿನವು. 1966ರ ವಿಶ್ವಕಪ್‌ನಲ್ಲಿ ಯಾರಿಗೆ ಎಚ್ಚರಿಕೆ ಕೊಟ್ಟರು ಎಂಬುದೇ ಗೊಂದಲವಾಗಿ, ಕೆನ್ ಆಸ್ಟನ್ ಎಂಬ ಇಂಗ್ಲಿಷ್ ರೆಫರಿ ಕಾರಿನಲ್ಲಿ ಹೋಗುವಾಗ ಟ್ರಾಫಿಕ್ ದೀಪ ನೋಡಿ ಈ ಉಪಾಯ ಹೊಳೆಸಿಕೊಂಡರು. 1970ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಕಾರ್ಡು ಮೊದಲ ಸಲ ಜೇಬಿನಿಂದ ಹೊರಬರಲು ಸಿದ್ಧವಾಯಿತು. ಭಾಷೆ ಬಾರದವರಿಗೂ ಅರ್ಥವಾಗುವ ಮಾತು ಅದು.

ಪುಟಾಣಿಗಳ ಆಟಕ್ಕೆ ಅಲ್ಲಿ ಬೇರೆ ಕಟ್ಟಳೆಗಳಿವೆ. ಒಂಬತ್ತು-ಹತ್ತರ ಒಳಗಿನವರು ಕಡೆಗೆ 7 ಜನ, 25 ನಿಮಿಷದ ಎರಡು ಅವಧಿ, ನಾಲ್ಕನೆಯ ಅಳತೆಯ ಚಿಕ್ಕ ಚೆಂಡು. ಇನ್ನೂ ಚಿಕ್ಕವರಿಗೆ ಕಡೆಗೆ 4 ಜನ, ಗೋಲ್‌ಕೀಪರೇ ಇಲ್ಲ. ತಲೆಯಿಂದ ಚೆಂಡು ಹೊಡೆಯುವಂತಿಲ್ಲ. ಮಿದುಳಿಗೆ ಪೆಟ್ಟಾದೀತು ಎಂದು 10 ವರ್ಷದೊಳಗಿನ ಮಕ್ಕಳಿಗೆ ಅದನ್ನು ನಿಲ್ಲಿಸುವ ನಿರ್ಧಾರವನ್ನು ಫೆಡರೇಷನ್ 2015ರಲ್ಲಿ ಪ್ರಕಟಿಸಿತು. ಯಾರಾದರೂ ಬೇಕೆಂದೇ ತಲೆ ಕೊಟ್ಟರೆ ಎದುರಾಳಿಗೆ ಇಂಡೈರೆಕ್ಟ್ ಫ್ರೀ ಕಿಕ್. ಅಂದರೆ ಆ ಒದೆತದಿಂದ ಚೆಂಡು ನೇರ ಗೋಲಿಗೆ ಹೋದರೆ ಲೆಕ್ಕಕ್ಕಿಲ್ಲ, ನಡುವೆ ಇನ್ನೊಬ್ಬ ಆಟಗಾರನಿಗೆ ತಗಲಿರಬೇಕು. ಅದು ಇಂಡೈರೆಕ್ಟ್ ಎಂದು ತಿಳಿಸಲು ರೆಫರಿ ಒಂದು ಕೈ ನೇರ ಮೇಲೆತ್ತಿ ನಿಲ್ಲಬೇಕು. ಚೆಂಡು ಮತ್ತೊಬ್ಬನಿಗೆ ತಗಲುವ ತನಕ ಕೈ ಇಳಿಸಬಾರದು. ಓದುಗರು ಈ ಕೈ ವಿಷಯ ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಇನ್ನು ಸಾಮಾನು. ಹಳದಿ ಅಂಗಿ, ಕಪ್ಪು ಚಡ್ಡಿ, ಕಪ್ಪು ಕಾಲುಚೀಲ, ಎದೆಯ ಮೇಲೆ ಆ ವರ್ಷದ ಬ್ಯಾಡ್ಜು, ಕಾರ್ಡು, ಪುಟ್ಟ ನೋಟುಪುಸ್ತಕ, ಎರಡು ಬಾವುಟ. ಬೂಟು ಅವಳದೇ ಇತ್ತು. ಗಡಿಯಾರ ಮಾತ್ರ ಎರಡಿರಲಿ ಎಂದು ನಾನು ಹಟ ಹಿಡಿದೆ. ಎರಡೂ ಕೈಗೆ ಒಂದೊಂದು. ಒಂದು ನಿಂತರೆ ಇನ್ನೊಂದು ಹೇಳುತ್ತದೆ. ಡಬಲ್ ಎಂಟ್ರಿ ಓದಿದವನು ಒಂದೇ ಪುಸ್ತಕ ನಂಬುವುದಿಲ್ಲ. ಮಗ ನಕ್ಕ. ಆದರೆ ತರಗತಿಯಲ್ಲಿ ಬೋಧಕರೂ ಅದನ್ನೇ ಹೇಳಿದರಂತೆ. ಅವತ್ತು ರಾತ್ರಿ ನಾನು ಒಂದು ಚಪಾತಿ ಹೆಚ್ಚಿಗೆ ತಿಂದೆ.

ಟಾಸ್ ಹಾಕಲು ನಮ್ಮ ಐದು ರೂಪಾಯಿ ನಾಣ್ಯ ಕೊಟ್ಟೆ. ಅಮೆರಿಕದ ಮಕ್ಕಳಿಗೆ ಅದರಲ್ಲಿ ಯಾವ ಕಡೆ ತಲೆ ಎಂದು ಗೊತ್ತಾಗುವುದಿಲ್ಲ. ಪುಟ್ಟಿಯೇ ದಾರಿ ಹುಡುಕಿಕೊಂಡಳು: “ಸಿಂಹನಾ, ನಂಬರಾ?” ಎಂದು ಕೇಳುತ್ತಾಳೆ. ಎಲ್ಲ ಮಕ್ಕಳೂ ಸಿಂಹ ಎನ್ನುತ್ತವೆ. ಇಬ್ಬರು ನಾಯಕರೂ ಸಿಂಹವೇ ಬೇಕೆಂದು ಜಗಳವಾಡಿದ್ದೂ ಉಂಟು.

ಎಲ್ಲಕ್ಕಿಂತ ಕಷ್ಟವಾದದ್ದು ಸೀಟಿ. ಈಗಿನ ಸೀಟಿಯಲ್ಲಿ ಒಳಗೆ ಗುಂಡು ಇರುವುದಿಲ್ಲ. ಕೆನಡಾದ ಬಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್, ಮುಖ್ಯ ಪಂದ್ಯದಲ್ಲಿ ಸೀಟಿಯ ಗುಂಡು ಸಿಕ್ಕಿಕೊಂಡು ಸದ್ದೇ ಬರದೆ ಹೋದದ್ದರಿಂದ ಬೇಸತ್ತು ಗುಂಡಿಲ್ಲದ ಸೀಟಿ ಮಾಡಿಸಿದರು. ಫಾಕ್ಸ್ 40 ಎಂದು ಹೆಸರು. ಹೊಟ್ಟೆಯಿಂದ ಊದಿದರೆ ಕಿವಿ ಹರಿಯುವಂಥ ಸದ್ದು. ಪುಟ್ಟಿ ಊದಿದರೆ ಹಾಲು ಕಾಯಿಸುವಾಗ ಬರುವಂಥ ಒಂದು ಸುಯ್ಯ್. ಬೋಧಕರು ಹೇಳಿದ್ದರಂತೆ, ಸೀಟಿಯೇ ನಿನ್ನ ಮಾತು; ಚೆಂಡು ಹೊರಗೆ ಹೋದದ್ದಕ್ಕೆ ಸಣ್ಣದು, ಫೌಲಿಗೆ ಗಟ್ಟಿ, ಅಪಾಯದ ಆಟಕ್ಕೆ ಇನ್ನೂ ಗಟ್ಟಿ, ಉದ್ದ. ಮಾತೇ ಆಡದವಳಿಗೆ ಇಷ್ಟು ಬಗೆಯ ಮಾತು.

ಹೊರಗೆ ಊದಿದರೆ ಅಕ್ಕಪಕ್ಕದವರಿಗೆ ತೊಂದರೆ. ನೆಲಮಾಳಿಗೆಗೆ ಇಳಿದೆವು. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತೆ. “ಕೇಳಿಸಲಿಲ್ಲ” ಅಂದೆ. ಊದಿದಳು. “ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ” ಅಂದೆ. ಮತ್ತೆ ಊದಿದಳು. ಹತ್ತನೆಯದೋ ಹನ್ನೊಂದನೆಯದೋ ಸಲ ಎಲ್ಲಿಂದ ಬಂತೋ ಉಸಿರು, ಗೋಡೆಯೇ ನಡುಗುವಂತೆ ಒಂದು ಬಂತು. ಮೇಲಿನಿಂದ ನನ್ನವಳು ಕೂಗಿದಳು: “ರೀ, ಕುಕ್ಕರ್ ಎಷ್ಟು ಸಲ ಕೂಗ್ತು? ನಾನು ಎಣಿಸಲೇ ಇಲ್ಲ!” ಪುಟ್ಟಿ ನಗುತ್ತಾ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಹದಿನೈದು ದಿನ ನಮ್ಮ ಮನೆಯಲ್ಲಿ ಬೇಳೆ ಬೆಂದಿತೋ ಇಲ್ಲವೋ ಎಂಬುದು ಖಾತ್ರಿಯಿರಲಿಲ್ಲ.

ಸಂಕೇತಗಳನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ಕೈ ಅರ್ಧಕ್ಕೆ ನಿಂತರೆ ಅನುಮಾನದಂತೆ ಕಾಣುತ್ತದೆ, ಪೂರ್ತಿ ಚಾಚಿದರೆ ತೀರ್ಪಿನಂತೆ ಕಾಣುತ್ತದೆ. ಇದನ್ನು ಅವಳಿಗೆ ಹೇಳಿದವನು ನಾನಲ್ಲ, ಅವಳ ಅಮ್ಮ. ಸೊಸೆ ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವಳು.

ಮೊದಲ ಪಂದ್ಯ ಸೆಪ್ಟೆಂಬರಿನ ಒಂದು ಶನಿವಾರ. ಯಾರಿಗೆ ಯಾವ ಪಂದ್ಯ ಎಂದು ಹಂಚುವವರನ್ನು ಅಸೈನರ್ ಎನ್ನುತ್ತಾರೆ. ನಮ್ಮಲ್ಲಿ ಕೌಂಟರ್ ಹಂಚುತ್ತಿದ್ದ ಹೆಡ್ ಕ್ಯಾಷಿಯರ್ ಇದ್ದಂತೆ. ಹೊಸಬರಿಗೆ ತಮಗಿಂತ ಮೂರು ನಾಲ್ಕು ವರ್ಷ ಚಿಕ್ಕವರ ಪಂದ್ಯ ಕೊಡುತ್ತಾರೆ. ಒಂಬತ್ತು ವರ್ಷದವರ ಆಟ, ಪಕ್ಕದ ರೆಫರಿಗಳಿಲ್ಲ, ಇವಳೊಬ್ಬಳೇ. ದೂರದಲ್ಲಿ ಕ್ಲಬ್ಬಿನ ಹಿರಿಯ ರೆಫರಿಯೊಬ್ಬರು ಮಾರ್ಗದರ್ಶಕರಾಗಿ ನಿಂತಿದ್ದರು. ಅರ್ಧ ಗಂಟೆ ಮೊದಲೇ ಹೋಗಿ ಗೋಲಿನ ಕಂಬಗಳು ನೆಲಕ್ಕೆ ಭದ್ರವಾಗಿ ಬಿಗಿದಿವೆಯೇ ಎಂದು ಅಲ್ಲಾಡಿಸಿ ನೋಡಿದಳು. ಕಂಬ ಮಗುವಿನ ಮೇಲೆ ಬಿದ್ದು ಅನಾಹುತವಾದದ್ದಿದೆ, ಆದ್ದರಿಂದ ಅದು ಮೊದಲ ಕೆಲಸ. ಆಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೊಣಕಾಲಿನ ಕೆಳಗೆ ಶಿನ್‌ಗಾರ್ಡ್ ಇದೆಯೇ, ಕಾಲುಚೀಲ ಅದನ್ನು ಮುಚ್ಚಿದೆಯೇ ಎಂದು ನೋಡಬೇಕು.

ಅಲ್ಲೇ ಮೊದಲ ಸಂಕಟ. ಒಂದು ಹುಡುಗಿಯ ಕಿವಿಯಲ್ಲಿ ಓಲೆ. ಆಭರಣ ಯಾವುದೂ ಕೂಡದು, ಮೇಲೆ ಟೇಪು ಸುತ್ತಿದರೂ ಕೂಡದು ಎನ್ನುತ್ತದೆ ನಾಲ್ಕನೆಯ ನಿಯಮ. ಹುಡುಗಿಯ ಜತೆ ಬಂದಿದ್ದವರು ನಮ್ಮ ದೇಶದವರೇ, ನನ್ನ ವಯಸ್ಸಿನ ಅಜ್ಜಿ. “ಈಗ ತಾನೇ ಚುಚ್ಚಿಸಿದ್ದು, ತೆಗೆದರೆ ತೂತು ಮುಚ್ಚಿಹೋಗುತ್ತೆ, ಎಷ್ಟು ಚಿಕ್ಕದು ನೋಡು” ಎಂದು ಹಿಂದಿಯಲ್ಲಿ ಅಂಗಲಾಚಿದರು. ಇವಳಿಗೆ ಹಿಂದಿ ಬಾರದು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಎದ್ದು ಹೋಗಿ ಎರಡು ಮಾತು ಹೇಳಬಹುದಿತ್ತು. ಆದರೆ ಆಟದ ಜಾಗಕ್ಕೆ ಮನೆಯವರು ಕಾಲಿಡಬಾರದು ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಪುಟ್ಟಿ ಅಜ್ಜಿಯ ಮುಖ ನೋಡಿದಳು, ತನ್ನ ಕಿವಿ ಮುಟ್ಟಿ ತೋರಿಸಿದಳು. ಅವಳ ಕಿವಿಯೂ ಖಾಲಿ! ಬೆಳಗ್ಗೆ ತಾನೇ ಓಲೆ ಬಿಚ್ಚಿ ನನ್ನವಳ ಕೈಗೆ ಕೊಟ್ಟಿದ್ದಳು. ಆ ಅಜ್ಜಿ ಏನೋ ಗೊಣಗುತ್ತಾ ಮೊಮ್ಮಗಳ ಓಲೆ ಬಿಚ್ಚಿ ಸೆರಗಿನ ಗಂಟಿಗೆ ಕಟ್ಟಿಕೊಂಡರು.

ಆ ಪಂದ್ಯ ಸುಸೂತ್ರವಾಗಿ ಮುಗಿಯಿತು. ಎರಡನೆಯದೂ ಅಷ್ಟೆ, ಮಧ್ಯೆ ಗುಡುಗಿದ್ದರಿಂದ 30 ನಿಮಿಷ ಎಲ್ಲರೂ ಕಾರಿನಲ್ಲಿ ಕೂತಿದ್ದು ಬಿಟ್ಟರೆ. ಮೂರನೆಯ ವಾರದ ವಿಷಯ ಹೇಳಬೇಕು.

ಹತ್ತು ವರ್ಷದವರ ಆಟ. ಕೊನೆಯ ಐದು ನಿಮಿಷ. ಕೆಂಪು ಅಂಗಿಯವರು 2, ನೀಲಿಯವರು 1. ಕೆಂಪು ಅಂಗಿಯ ಹುಡುಗನೊಬ್ಬ ತಮ್ಮ ಗೋಲಿನ ಹತ್ತಿರ ಚೆಂಡಿಗೆ ತಲೆ ಕೊಟ್ಟ. ಪುಟ್ಟಿ ಸೀಟಿ ಊದಿದಳು, ಗಟ್ಟಿಯಾಗಿ. ನೀಲಿಯವರಿಗೆ ಇಂಡೈರೆಕ್ಟ್ ಫ್ರೀ ಕಿಕ್. ನೀಲಿ ಹುಡುಗ ಓಡಿಬಂದು ಒದ್ದ, ಚೆಂಡು ಯಾರಿಗೂ ತಗಲದೆ ನೇರ ಬಲೆಗೆ. ನೀಲಿಯವರೆಲ್ಲ ಕುಣಿದರು. ಪುಟ್ಟಿ ಗೋಲು ಇಲ್ಲ ಎಂದು ತೋರಿಸಿ ಗೋಲ್ ಕಿಕ್ ಕೊಟ್ಟಳು. ಆಟ ಮುಂದುವರಿಯಿತು, ಮುಗಿಯಿತು, ನೀಲಿಯವರು ಸೋತರು.

ಆ ಐದು ನಿಮಿಷವೂ ನೀಲಿಯವರ ಕಡೆಯ ಒಬ್ಬ ಗಂಡಸು ಗೆರೆಯ ಉದ್ದಕ್ಕೂ ಓಡಾಡುತ್ತಾ ಕೂಗುತ್ತಿದ್ದ. ನಿನಗೆ ನಿಯಮ ಗೊತ್ತೇ, ಈ ಅಂಗಿ ನಿನಗೆ ಕೊಟ್ಟವರು ಯಾರು, ಮಕ್ಕಳ ಆಟ ಹಾಳು ಮಾಡಿದೆ ಎಂದು. ಕೊನೆಯ ಸೀಟಿ ಆದ ಮೇಲೆ ಮೈದಾನದೊಳಕ್ಕೇ ನಡೆದು ಬಂದ. ಆರಡಿ ಎತ್ತರ. ಇವಳು ಅವನ ಎದೆಯಷ್ಟೂ ಇಲ್ಲ. ಕೆಂಪು ತಂಡದ ಕೋಚ್ ಒಬ್ಬ ಹೆಂಗಸು, ಓಡಿಬಂದು ನಡುವೆ ನಿಂತಳು. ನನ್ನ ಮಗ ಕುರ್ಚಿಯಿಂದ ಎದ್ದಿದ್ದ. ಅವನ ತೋಳು ಹಿಡಿದುಕೊಂಡೆ. ಅವನಿಗೆ ಸಿಟ್ಟು ಬಂತು, ನನಗೂ ಕಾಲು ನಡುಗುತ್ತಿತ್ತು. ಅಪ್ಪ ಹೋದರೆ ಅದು ಅಪ್ಪಂದಿರಿಬ್ಬರ ಜಗಳವಾಗುತ್ತದೆ, ಆ ಹಳದಿ ಅಂಗಿಗೆ ಬೆಲೆ ಉಳಿಯುವುದಿಲ್ಲ. ಅಷ್ಟು ಹೊತ್ತಿಗೆ ಮಾರ್ಗದರ್ಶಕರು ಬಂದು ಆತನನ್ನು ಆಚೆಗೆ ಕರೆದೊಯ್ದರು.

ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮನೆಗೆ ಬಂದವಳೇ ಬೂಟು ಬಿಚ್ಚಿ, “ಮುಂದಿನ ವಾರ ಹೋಗಲ್ಲ” ಅಂದಳು. “ಬೇಡವೇ ಬೇಡ ಬಿಡು, ಈ ಹಾಳು ಕೆಲಸ ಯಾರಿಗೆ ಬೇಕು” ಅಂದಳು ನನ್ನವಳು, ಮೊಸರನ್ನ ಕಲಸುತ್ತಾ.

ಇಂಥ ಕಾರಣಕ್ಕೇ ಅಮೆರಿಕದಲ್ಲಿ ಮಕ್ಕಳು ರೆಫರಿ ಕೆಲಸ ಬಿಟ್ಟುಬಿಡುತ್ತಾರೆ. ಒಂದೆರಡು ವರ್ಷ ದಾಟುವ ಮೊದಲೇ ಬಿಡುವವರು ಬಹಳ. ಅದಕ್ಕೇ ಕೆಲವು ಲೀಗುಗಳಲ್ಲಿ ಒಂದು ಶನಿವಾರ ‘ಮೌನ ಶನಿವಾರ’ ಎಂದು ಆಚರಿಸುತ್ತಾರೆ. ಅವತ್ತು ಹೊರಗಿನವರು ಚಪ್ಪಾಳೆ ಬಿಟ್ಟು ಬೇರೆ ಸದ್ದು ಮಾಡುವಂತಿಲ್ಲ. ಫೆಡರೇಷನ್ 2025ರ ಮಾರ್ಚ್ 1ರಿಂದ ರೆಫರಿಗಳನ್ನು ನಿಂದಿಸುವವರಿಗೆ ಹೊಸ ಶಿಕ್ಷಾನಿಯಮವನ್ನೇ ತಂದಿದೆ. ಬೈಸಿಕೊಂಡ ರೆಫರಿ 18 ತುಂಬದವರಾದರೆ ಶಿಕ್ಷೆ ಇನ್ನೂ ಹೆಚ್ಚು. ಕೌಂಟರಿನ ಹಿಂದೆ ಕೂತು ಹರಿದ ನೋಟಿನ ವಿಷಯಕ್ಕೆ ದಿನವೂ ಬೈಸಿಕೊಂಡವನು ನಾನು. ಆದರೆ ನನಗಾಗ ಇಪ್ಪತ್ಮೂರು ವರ್ಷ, ನಡುವೆ ಕಬ್ಬಿಣದ ಸರಳು ಬೇರೆ ಇತ್ತು.

ಸಂಜೆ ಪುಟ್ಟಿ ನನ್ನ ಕೋಣೆಗೆ ಬಂದಳು. ಕೈಯಲ್ಲಿ ನಿಯಮದ ಪುಸ್ತಕ. ಅಳುತ್ತಿರಲಿಲ್ಲ.

“ತಾತ, ನನ್ನ ಕೈ ಮೇಲಿತ್ತಾ?”

ಅವಳು ಕೇಳಿದ್ದು ಇಷ್ಟೇ. ಮೈದಾನದಲ್ಲಿದ್ದವರೆಲ್ಲ ಚೆಂಡು ನೋಡುತ್ತಿದ್ದರು. ರೆಫರಿಯನ್ನು ನೋಡುತ್ತಿದ್ದವನು ನಾನೊಬ್ಬ. ಸೀಟಿ ಊದಿ, ಚೆಂಡು ಇಡುವ ಜಾಗ ತೋರಿಸಿ, ಎದುರಾಳಿಗಳನ್ನು ಹಿಂದಕ್ಕೆ ಸರಿಸಿ, ಗಡಿಯಾರ ನೋಡಿದ್ದಳು. ಅಷ್ಟರಲ್ಲಿ ಆ ಹುಡುಗ ಒದ್ದುಬಿಟ್ಟಿದ್ದ. ಕೈ ಮೇಲೆ ಹೋಗಿರಲಿಲ್ಲ.

‘ಇತ್ತು ಕಂದ’ ಎಂದರೆ ಅವಳು ಅವತ್ತು ನಿದ್ದೆ ಮಾಡುತ್ತಿದ್ದಳು. “ಇಲ್ಲ ಪುಟ್ಟಿ, ಎತ್ತಲಿಲ್ಲ” ಅಂದೆ.

ತಲೆಯಾಡಿಸಿದಳು. ಹದಿಮೂರನೆಯ ನಿಯಮ ತೆರೆದಳು. ಇಬ್ಬರೂ ಕನ್ನಡಕ ಸರಿಮಾಡಿಕೊಂಡು ಓದಿದೆವು. ಇಂಡೈರೆಕ್ಟ್ ಎಂದು ರೆಫರಿ ಸಂಕೇತ ತೋರಿಸದೆ ಇದ್ದು ಚೆಂಡು ನೇರ ಗೋಲಿಗೆ ಹೋದರೆ, ಆ ಒದೆತವನ್ನು ಮತ್ತೊಮ್ಮೆ ಒದೆಸಬೇಕು. ಅಂದರೆ ಅದು ಗೋಲೂ ಅಲ್ಲ, ಗೋಲ್ ಕಿಕ್ಕೂ ಅಲ್ಲ. ಕೂಗಿದವನೂ ಸರಿಯಲ್ಲ, ಇವಳದೂ ಪೂರ್ತಿ ಸರಿಯಲ್ಲ. ನೀಲಿ ಹುಡುಗನಿಗೆ ಇನ್ನೊಂದು ಅವಕಾಶ ಸಿಗಬೇಕಿತ್ತು.

ಮಾರ್ಗದರ್ಶಕರು ಆಗಲೇ ಫೋನಿನಲ್ಲಿ, ನಡೆದದ್ದರ ವರದಿ ಬರೆದು ಕಳಿಸು ಎಂದಿದ್ದರು. ವರದಿ ಬರೆಯುವುದು ನನಗೆ ಗೊತ್ತಿರುವ ವಿದ್ಯೆ. ತಾರೀಕು, ಹೊತ್ತು, ಸ್ಥಳ, ಯಾರು ಎಲ್ಲಿ ನಿಂತಿದ್ದರು, ಆಡಿದ ಮಾತು ಆಡಿದಂತೆಯೇ. ‘ಕೆಟ್ಟದಾಗಿ’, ‘ಭಯಂಕರವಾಗಿ’ ಎಂಬ ಪದಗಳು ಬೇಡ. ಮಾತನ್ನು ಹಾಗೇ ಇಟ್ಟರೆ ಓದುವವರಿಗೇ ತಿಳಿಯುತ್ತದೆ. ಬರೆದಳು. ಕೊನೆಗೆ ಪೆನ್ನು ನಿಲ್ಲಿಸಿ, ಕೈ ಎತ್ತದ ವಿಷಯ ಬರೆಯಲೇ ಎಂದು ಕೇಳಿದಳು.

“ಬೇಡ” ಅಂದ ಮಗ ಬಾಗಿಲಲ್ಲೇ ನಿಂತು. “ಅಪ್ಪಾ, ನೀವಾದರೂ ಹೇಳಿ. ಆ ಮನುಷ್ಯನ ಕೈಗೆ ನಾವೇ ಕೋಲು ಕೊಟ್ಟ ಹಾಗಾಗುತ್ತೆ. ಅದನ್ನ ಯಾರೂ ನೋಡಿಲ್ಲ.” ಅವನು ಹೇಳಿದ್ದು ತಪ್ಪೆಂದು ಹೇಳಲಾರೆ. ಮಗಳ ಮೇಲೆ ಕೈ ಬೀಸುತ್ತಾ ಬಂದವನನ್ನು ನೋಡಿದ ಅಪ್ಪ ಅವನು. ನಾನು ಬರೆ ಎನ್ನಲಿಲ್ಲ, ಬಿಡು ಎನ್ನಲೂ ಇಲ್ಲ. “ವರದಿ ನಿನ್ನದು, ಸಹಿ ನಿನ್ನದು” ಅಂದೆ. ಅವಳು ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿದಳು. ಆಮೇಲೆ ಒಂದು ಸಾಲು ಸೇರಿಸಿದಳು: ನಾನು ಕೈ ಎತ್ತಿರಲಿಲ್ಲ, ಒದೆತವನ್ನು ಮತ್ತೆ ಒದೆಸಬೇಕಾಗಿತ್ತು.

ಮೂರು ದಿನದ ನಂತರ ಉತ್ತರ ಬಂತು. ಆಟ ಮತ್ತೆ ಶುರುವಾದ ಮೇಲೆ ತೀರ್ಪು ಬದಲಾಗುವುದಿಲ್ಲ, ಫಲಿತಾಂಶ ಹಾಗೇ ಇರುತ್ತದೆ; ಬರೆದದ್ದಕ್ಕೆ ಧನ್ಯವಾದ ಎಂದು. ಆ ಗಂಡಸಿಗೆ ಒಂದಷ್ಟು ವಾರ ಮೈದಾನಕ್ಕೆ ಬರಕೂಡದು ಎಂದು ಹೇಳಿದರಂತೆ. ಮಾರ್ಗದರ್ಶಕರು ಇನ್ನೊಂದು ಕೆಲಸ ಮಾಡಿದರು, ಅದು ನನಗೆ ಹೆಚ್ಚು ಮುಖ್ಯವೆನಿಸಿತು. ಬುಧವಾರ ಸಂಜೆ ಪುಟ್ಟಿಯನ್ನು ಖಾಲಿ ಮೈದಾನಕ್ಕೆ ಕರೆಸಿ, ತಾವೇ ಗೆರೆಯ ಪಕ್ಕ ನಿಂತು ಬಾಯಿಗೆ ಬಂದಂತೆ ಕೂಗಿದರು. ಇವಳು ಏನು ಮಾಡಬೇಕು? ಕೂಗುವವನ ಹತ್ತಿರ ಹೋಗಬಾರದು. ಆಟ ನಿಲ್ಲಿಸಿ ಆ ತಂಡದ ಕೋಚ್ ಬಳಿ ಹೋಗಿ, ನಿಮ್ಮ ಕಡೆಯವರನ್ನು ಸುಮ್ಮನಿರಿಸಿ ಎಂದು ಕೇಳಬೇಕು. ಎರಡನೆಯ ಸಲ, ಸುಮ್ಮನಿರಿಸಲೇಬೇಕು ಎಂದು ಹೇಳಬೇಕು. ಮೂರನೆಯ ಸಲ, ಅವರು ಹೊರಡುವ ತನಕ ಆಟ ಶುರುವಾಗುವುದಿಲ್ಲ ಎಂದು ಚೆಂಡು ಕಂಕುಳಲ್ಲಿಟ್ಟು ನಿಲ್ಲಬೇಕು. ಕೇಳು, ಹೇಳು, ಕಳಿಸು. ಈ ಮೂರು ಮಾತನ್ನು ಅವಳಿಂದ ಹತ್ತು ಸಲ ಹೇಳಿಸಿದರು.

ಆ ಶನಿವಾರ ಅವಳು ಹೋಗುತ್ತಾಳೋ ಇಲ್ಲವೋ ಎಂದು ನಾವು ಯಾರೂ ಕೇಳಲಿಲ್ಲ. ಬೆಳಗ್ಗೆ ಏಳಕ್ಕೆ ಹಳದಿ ಅಂಗಿ ಹಾಕಿಕೊಂಡು ಕೆಳಗಿಳಿದು ಬಂದಳು. “ಅಜ್ಜಿ, ಓಲೆ ತಗೋ” ಅಂದಳು. ನನ್ನವಳು ಏನೋ ಹೇಳಲು ಬಾಯಿ ತೆರೆದವಳು, ಕೈ ಚಾಚಿ ಓಲೆ ತೆಗೆದುಕೊಂಡಳು. ಆ ಪಂದ್ಯದಲ್ಲಿ ಒಂದು ಇಂಡೈರೆಕ್ಟ್ ಫ್ರೀ ಕಿಕ್ ಬಂತು. ಸೀಟಿಯ ಸದ್ದು ಅಡಗುವ ಮೊದಲೇ ಕೈ ಮೇಲೆ ಹೋಯಿತು. ಒದೆದ ಚೆಂಡು ಮೂವರಿಗೆ ತಗಲಿ ಹೊರಗೆ ಹೋದರೂ ಪಾಪ, ಕೈ ಇಳಿಸಲೇ ಇಲ್ಲ.

ಮೊಮ್ಮಕ್ಕಳನ್ನು ಇಂಥ ಕೆಲಸಕ್ಕೆ ಕಳಿಸುವವರಿಗೆ ಆರು ತಿಂಗಳು ಕುರ್ಚಿಯಲ್ಲಿ ಕೂತವನಾಗಿ ಒಂದೆರಡು ಮಾತು. ಗೆರೆಯಿಂದ ದೂರ ಕೂರಿ, ಮಗು ನಿಮ್ಮ ಮುಖ ನೋಡಿ ತೀರ್ಪು ಕೊಡುವಂತಾಗಬಾರದು. ಮನೆಗೆ ಬರುವ ದಾರಿಯಲ್ಲಿ ಆಟದ ವಿಮರ್ಶೆ ಬೇಡ. ಹೊಟ್ಟೆಗೆ ಬಿದ್ದ ಮೇಲೆ ತಾನಾಗಿ ಹೇಳುತ್ತದೆ. ನೀರಿನ ಬಾಟಲಿ ಎರಡಿರಲಿ. ಕರೆದರೆಂದು ಒಂದೇ ದಿನ ನಾಲ್ಕು ಪಂದ್ಯ ಒಪ್ಪಿಕೊಳ್ಳಲು ಬಿಡಬೇಡಿ, ಮೂರನೆಯದರ ಹೊತ್ತಿಗೆ ಕಾಲು ಸೋತಿರುತ್ತದೆ, ಕಾಲು ಸೋತರೆ ಕಣ್ಣೂ ದೂರವೇ ಉಳಿಯುತ್ತದೆ. ನಮ್ಮ ರಾಜ್ಯದಲ್ಲೂ ಫುಟ್‌ಬಾಲ್ ಸಂಸ್ಥೆಯ ಮೂಲಕ ರೆಫರಿಗಳಾಗುವ ದಾರಿ ಇದೆ. ಆಡುವ ಹುಡುಗರೆಲ್ಲ ಆಟಗಾರರೇ ಆಗಬೇಕೆಂದಿಲ್ಲವಲ್ಲ. 2022ರ ಕತಾರ್ ವಿಶ್ವಕಪ್‌ನಲ್ಲಿ ಜರ್ಮನಿ-ಕೋಸ್ಟರಿಕಾ ಪಂದ್ಯ ನಡೆಸಿದವರು ಫ್ರಾನ್ಸಿನ ಸ್ಟೆಫನಿ ಫ್ರಾಪ್ಪಾರ್. ಗಂಡಸರ ವಿಶ್ವಕಪ್ ಪಂದ್ಯಕ್ಕೆ ಸೀಟಿ ಹಿಡಿದ ಮೊದಲ ಹೆಂಗಸು. ಆ ಚಿತ್ರವನ್ನು ಪುಟ್ಟಿ ತನ್ನ ಮೇಜಿನ ಮುಂದೆ ಅಂಟಿಸಿದ್ದಾಳೆ. ನನ್ನವಳು ಅದನ್ನು ನೋಡಿ, “ಇವಳೂ ಓಲೆ ಹಾಕಿಲ್ಲ” ಅಂದಳು.

ದುಡ್ಡಿನ ಮಾತು ಹೇಳದಿದ್ದರೆ ನಾನು ಗುಮಾಸ್ತನೇ ಅಲ್ಲ. ಒಂದು ಪಂದ್ಯಕ್ಕೆ ಅವಳಿಗೆ 30 ಡಾಲರ್ ಸಿಗುತ್ತಿತ್ತು. ಕೋರ್ಸು, ಅಂಗಿ, ಸೀಟಿ, ಎರಡನೆಯ ಗಡಿಯಾರ ಎಲ್ಲ ಸೇರಿದ ಖರ್ಚನ್ನು ಅಕ್ಟೋಬರ್ ಮಧ್ಯದ ಹೊತ್ತಿಗೆ ಅಪ್ಪನಿಗೆ ವಾಪಸು ಕೊಟ್ಟಳು. ಅವನು ಬೇಡವೆಂದ, ನಾನು ತೆಗೆದುಕೋ ಎಂದೆ. ಮಿಕ್ಕದ್ದಕ್ಕೆ ಬ್ಯಾಂಕಿನಲ್ಲಿ ಖಾತೆ. ಅಪ್ಪನ ಜತೆ ಜಂಟಿಯಾಗಿ ತೆರೆಯಬೇಕಾಯಿತು. ನಾನು ಎಷ್ಟೋ ಮಕ್ಕಳಿಗೆ ಮೈನರ್ ಖಾತೆ ತೆರೆದುಕೊಟ್ಟವನು, ಕೌಂಟರಿನ ಈಚೆ ಕಡೆ ಕೂತು ನೋಡುವುದು ಹೊಸದಾಗಿತ್ತು. ಅಲ್ಲಿ ಪಾಸ್‌ಬುಕ್ ಕೊಡುವುದಿಲ್ಲ, ಎಲ್ಲ ಫೋನಿನಲ್ಲೇ. ನನಗೆ ಸಮಾಧಾನವಾಗಲಿಲ್ಲ. ಒಂದು ನೋಟುಪುಸ್ತಕಕ್ಕೆ ಗೆರೆ ಹಾಕಿಕೊಟ್ಟೆ: ತಾರೀಕು, ಮೈದಾನ, ವಯಸ್ಸಿನ ಗುಂಪು, ಅಂಕ, ಬಂದ ಹಣ. ಕೊನೆಯಲ್ಲಿ ‘ಷರಾ’ ಎಂದು ಒಂದು ಕಾಲಂ. ಅದೇನೆಂದು ಕೇಳಿದಳು. ಹೇಳಬೇಕೆನಿಸಿದ್ದನ್ನು ಒಂದು ಸಾಲಿನಲ್ಲಿ ಬರೆಯುವ ಜಾಗ ಎಂದೆ.

ಜನವರಿಯಲ್ಲಿ ನಾವು ಮೈಸೂರಿಗೆ ವಾಪಸು ಬಂದೆವು. ಚಳಿಗಾಲ ಕಳೆದು ವಸಂತದ ಪಂದ್ಯಗಳು ಶುರುವಾದ ಮೇಲೆ, ಭಾನುವಾರ ಬೆಳಗ್ಗೆ ನಾನು ಕಾಫಿ ಕುಡಿಯುವ ಹೊತ್ತಿಗೆ ಆ ಪುಸ್ತಕದ ಪುಟದ ಚಿತ್ರ ಫೋನಿಗೆ ಬರುತ್ತದೆ. ಕಳೆದ ವಾರದ್ದರಲ್ಲಿ ಎರಡು ಪಂದ್ಯ, 60 ಡಾಲರ್. ಷರಾ ಕಾಲಂನಲ್ಲಿ ಕನ್ನಡದಲ್ಲೇ, ಸ್ವಲ್ಪ ಕಾಗುಣಿತ ತಪ್ಪಿನ ಸಮೇತ, ಬರೆದಿದ್ದಳು: “ಒಬ್ಬರು ಕೂಗಿದರು. ಕೇಳಿದೆ. ಹೇಳಿದೆ. ಕಳಿಸುವ ಅಗತ್ಯ ಬರಲಿಲ್ಲ.”